ಬಿಲ್ಲಿನ ಮರ ಕೇಳಿಕೊಂಡು ಅಡರಕಟ್ಟಿಗೆ

ಲಕ್ಷ್ಮೇಶ್ವರಕ್ಕೆ ಬರುವ ಪ್ರವಾಸಿಗರು ಸೋಮೇಶ್ವರ ದೇವಾಲಯ ನೋಡುತ್ತಾರೆ. ಚಳಿಗಾಲವಾದರೆ ಮಾಗಡಿ ಕೆರೆಗೂ ಹೋಗಿ, ಹಿಮಾಲಯದ ಆಚೆಯಿಂದ ಹಾರಿ ಬಂದ ಪಟ್ಟೆತಲೆಯ ಹೆಬ್ಬಾತುಗಳನ್ನು ಕಣ್ತುಂಬಿಕೊಳ್ಳುತ್ತಾರೆ. ಅಡರಕಟ್ಟಿಗೆ ಯಾರೂ ಪ್ರವಾಸ ಹೋಗುವುದಿಲ್ಲ. ಅಲ್ಲಿ ನೋಡಲು ಸಿಗುವುದು ಎರೆಹೊಲ, ಹೊಲದ ಬದು, ಬದುವಿನ ಮೇಲೆ ಬೇವು ಮತ್ತು ಜಾಲಿ. ಇಂಥ ಊರುಗಳು ಗದಗ ಜಿಲ್ಲೆಯಲ್ಲಿ ಎಷ್ಟೋ ಇವೆ. ಆದರೆ ನನಗೆ ಮರ ಗುರುತಿಸುವುದನ್ನು ಕಲಿಸಿದ ಊರು ಅದು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಸಸ್ಯಶಾಸ್ತ್ರ ಓದಿ, ಬಿ.ಎಡ್. ಮುಗಿಸಿ, ಮಕ್ಕಳಿಗೆ ಎಲೆಯ ಅಂಚು, ಎಲೆಯ ನರ, ಎಲೆಯ ಜೋಡಣೆ ಎಂದು ಪಾಠ ಹೇಳಲು ಆರಂಭಿಸಿದ ಮೇಲೆ ಈ ಕಲಿಕೆ ನಡೆಯಿತು ಎನ್ನುವುದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ.

ಮೊನ್ನೆ ಫೆಬ್ರುವರಿಯಲ್ಲಿ ಮತ್ತೆ ಅಲ್ಲಿಗೆ ಹೋಗಿಬಂದೆ. ಲಕ್ಷ್ಮೇಶ್ವರ ಈಗ ತಾಲ್ಲೂಕು ಕೇಂದ್ರ. ನಾನು ಮೊದಲು ಹೋದಾಗ ಅಡರಕಟ್ಟಿ ಶಿರಹಟ್ಟಿ ತಾಲ್ಲೂಕಿನ ಊರಾಗಿತ್ತು. 1997ರವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಹೆಸರುಗಳು ಬದಲಾದರೂ ದಾರಿಯ ಚಿತ್ರ ಅಷ್ಟಾಗಿ ಬದಲಾಗಿಲ್ಲ. ಕಡಲೆ ಕಿತ್ತ ಹೊಲಗಳಲ್ಲಿ ಎರೆ ಬಿರಿದು ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತ್ತು. ಬಿಳಿಜೋಳದ ದಂಟು ಗೂಡುಗಟ್ಟಿ ನಿಂತಿತ್ತು. ನನ್ನ ಕೈಚೀಲದಲ್ಲಿ ಗೇಣುದ್ದದ ಎರಡು ಕಟ್ಟಿಗೆ ತುಂಡುಗಳಿದ್ದವು. 25 ವರ್ಷಗಳಿಂದ ಅವನ್ನು ಇಟ್ಟುಕೊಂಡಿದ್ದೇನೆ. ಒಂದು ಕಾಲಕ್ಕೆ ಅವೆರಡೂ ಸೇರಿ ಒಂದು ಬಿಲ್ಲಾಗಿತ್ತು.

ಮುರಿದ ಬಿಲ್ಲು

ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ವಾರ್ಷಿಕ ಸಮ್ಮೇಳನಕ್ಕೆ ಏಕಲವ್ಯನ ನಾಟಕ ಆಡಿಸುವುದೆಂದಾಯಿತು. ಬಿಲ್ಲು ಬಾಣದ ಹೊಣೆ ನನ್ನ ಮೇಲೆ ಬಿತ್ತು. ಬಿದಿರಿನ ದಬ್ಬೆ ಬಗ್ಗಿಸಿ ಹುರಿ ಕಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನನಗೆ ಓದಿದ್ದನ್ನು ತೋರಿಸುವ ಆಸೆ. ತಡಸಲು ಎಂಬ ಮರವಿದೆ. ಹಿಂದಿಯಲ್ಲಿ ಅದಕ್ಕೆ ಧಾಮನ್ ಎನ್ನುತ್ತಾರೆ, ಶಾಸ್ತ್ರೀಯ ಹೆಸರು ಗ್ರೂವಿಯಾ ಟಿಲಿಫೋಲಿಯಾ. ಸಂಸ್ಕೃತದಲ್ಲಿ ಅದರ ಹೆಸರೇ ಧನ್ವನ, ಧನುರ್ವೃಕ್ಷ, ಅಂದರೆ ಬಿಲ್ಲಿನ ಮರ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಮೊದಲಿನ ಸ್ಥಿತಿಗೆ ಬರುತ್ತದೆ. ಗಾಡಿಯ ಮೂಕಿಗೆ, ಕೊಡಲಿ ಕಾವಿಗೆ, ದೋಣಿಯ ಹುಟ್ಟಿಗೆ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಏಕಲವ್ಯನ ಕೈಯಲ್ಲಿ ಅದೇ ಇರಬೇಕು ಎಂದು ಹಟ ಹಿಡಿದೆ.

ತಡಸಲು ನಮ್ಮ ಎರೆಸೀಮೆಯ ಮರವಲ್ಲ. ಅದು ಕಲಘಟಗಿ, ಹಳಿಯಾಳದ ಕಡೆಯ ಕಾಡಿನದು. ಕಲಘಟಗಿಯ ಹತ್ತಿರ ನಮ್ಮ ಬೀಗರ ಹೊಲವಿತ್ತು, ಹೊಲದ ಅಂಚಿಗೆ ಗಿಡಗಳಿದ್ದವು. ಫೆಬ್ರುವರಿಯ ಆ ದಿನ ಒಂದರಲ್ಲೂ ಎಲೆ ಇರಲಿಲ್ಲ. ನಾನು ಒಂದು ಗಿಡದ ರೆಂಬೆ ಗೀರಿ ನೋಡಿದೆ. ಒಳತೊಗಟೆ ಉದ್ದುದ್ದ ನಾರಾಗಿ ಸುಲಿದು ಬಂತು, ಬೆರಳಿಗೆ ಲೋಳೆ ಅಂಟಿತು. ತಡಸಲಿನ ತೊಗಟೆ ನಾರಿನದು, ಅದರಿಂದ ಹಗ್ಗ ಹೊಸೆಯುತ್ತಾರೆ ಎಂದು ಓದಿದ್ದೆನಲ್ಲ. ಸಾಕು ಎನಿಸಿತು. ನೆಟ್ಟಗಿದ್ದ ನಾಲ್ಕು ಕೋಲು ಕಡಿಸಿ ತಂದೆ.

ತಾಲೀಮಿನ ಎರಡನೇ ದಿನವೇ ಏಕಲವ್ಯನ ಪಾತ್ರದ ಹುಡುಗ ಬಿಲ್ಲನ್ನು ಕಿವಿಯವರೆಗೆ ಸೆಳೆದ. ಸದ್ದು ಬಂದದ್ದು ಒಂದೇ ಸಲ. ಮೇಲಿನ ತುಂಡು ಸಿಡಿದು ಅವನ ಹುಬ್ಬಿನ ಮೇಲೆ ಬಡಿಯಿತು. ನಾಲ್ಕು ಹೊಲಿಗೆ ಬಿದ್ದವು. ಒಂದು ಬೆರಳು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು. ಹುಡುಗ ಅಡರಕಟ್ಟಿಯವನು. ಮರುದಿನ ಸಂಜೆ ಮುರಿದ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು, ಅವರ ಮನೆಯವರು ಏನಂದರೂ ಕೇಳಿಸಿಕೊಳ್ಳಬೇಕೆಂದು ನಿಶ್ಚಯಿಸಿ ಆ ಊರಿಗೆ ಹೋದೆ.

ಹುಡುಗನ ಅಜ್ಜ ಬಡಿಗತನದವರು. ಮನೆಯ ಮುಂದೆ ಬೇವಿನ ನೆರಳಿನಲ್ಲಿ ಬಾಚಿ ಹಿಡಿದು ಕುಂಟೆಯ ದಿಂಡು ಕೆತ್ತುತ್ತಿದ್ದರು. ಸುತ್ತ ಕೂರಿಗೆ, ರಂಟೆ, ಗಾಲಿಯ ಅರ ಬಿದ್ದಿದ್ದವು. ಊರಿನವರ ಒಕ್ಕಲುತನದ ಸಾಮಾನು ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ಹಳೆಯ ಕಾಲದ ಮನೆ ಅದು. ನಾನು ತಪ್ಪಾಯಿತೆಂದೆ. ಅವರು ಬೈಯಲಿಲ್ಲ. ಕೈಚಾಚಿ ತುಂಡುಗಳನ್ನು ಇಸಿದುಕೊಂಡರು. ಮುರಿದ ಜಾಗ ನೋಡಿದರು, ಕೈಯಲ್ಲಿ ತೂಗಿದರು, ಕಲ್ಲಿನ ಮೇಲೆ ಹಾಕಿ ಸದ್ದು ಕೇಳಿದರು.

“ಯಾವ ಗಿಡದ್ದು ಅಂತ ತಂದ್ರಿ ಮಾಸ್ತರ?”

“ತಡಸಲದ್ದು ಅಜ್ಜಾರ.”

“ತಡಸಲ ಅಲ್ರಿ ಇದು. ಬೆಂಡಿ.”

ಒಂದೇ ನಾರು, ಬೇರೆ ಮರ

ಬೆಂಡೆ ಎಂದರೆ ಪಲ್ಯದ ಬೆಂಡೆಯಲ್ಲ. ಕಾಡಿನಲ್ಲಿ ಬೆಂಡೆ ಎಂದು ಕರೆಯುವ ಮರವೊಂದಿದೆ. ಶಾಸ್ತ್ರೀಯ ಹೆಸರು ಕೈಡಿಯಾ ಕ್ಯಾಲಿಸೀನಾ. ಅದರ ಒಳತೊಗಟೆಯೂ ನಾರು, ಅದೂ ಲೋಳೆ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಯ ಲೋಳೆ ಬಳಸುವುದನ್ನು ಕಂಡವರಿಗೆ ಈ ಗುಣ ಗೊತ್ತು. ನಾನು ಕಾಲೇಜಿನಲ್ಲಿ ಓದುವಾಗ ತಡಸಲು ಒಂದು ಕುಟುಂಬಕ್ಕೆ, ಬೆಂಡೆ ದಾಸವಾಳದ ಕುಟುಂಬಕ್ಕೆ ಸೇರಿತ್ತು. 1998ರಲ್ಲಿ ಸಸ್ಯವಿಜ್ಞಾನಿಗಳು ವಂಶವಾಹಿಗಳ ಆಧಾರದ ಮೇಲೆ ಹೊಸ ವರ್ಗೀಕರಣ ಪ್ರಕಟಿಸಿ, ಎರಡನ್ನೂ ದಾಸವಾಳದ ಕುಟುಂಬಕ್ಕೇ ಸೇರಿಸಿದರು. ಅಂದರೆ ನಾರು ಮತ್ತು ಲೋಳೆ ಇಡೀ ಮನೆತನದ ಲಕ್ಷಣ. ಮನೆತನದ ಮೂಗು ನೋಡಿ ಅಣ್ಣನನ್ನು ತಮ್ಮನೆಂದು ಕರೆದ ಹಾಗಾಗಿತ್ತು ನನ್ನ ಕೆಲಸ.

ಎಲೆ ಇದ್ದಿದ್ದರೆ ನಾನು ತಪ್ಪುತ್ತಿರಲಿಲ್ಲ. ತಡಸಲಿನ ಎಲೆಯ ಬುಡ ಓರೆ, ತೊಟ್ಟಿನ ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ. ಅಂಚಿಗೆ ಗರಗಸದ ಹಲ್ಲು. ಬೆಂಡೆಯ ಎಲೆ ಅಗಲ, ಬುಡ ಎರಡೂ ಕಡೆ ಸಮ, ಅಂಗೈಯಂತೆ ನರ ಹರಡಿ ಅಲ್ಲಲ್ಲಿ ಹಾಲೆಗಳಾಗಿರುತ್ತದೆ. ಅದನ್ನೇ ಅಜ್ಜನ ಮುಂದೆ ಹೇಳಿದೆ. ಅವರು ನಕ್ಕರು.

“ಎಲಿ ನೋಡಿ ಗಿಡ ಗುರ್ತ ಹಿಡಿಯೋದು ಆಡಿಗೂ ಬರ್ತೈತ್ರಿ ಮಾಸ್ತರ. ಕಟಗಿ ಕಡಿಯೋ ಹೊತ್ತಿನ್ಯಾಗ ಎಲಿ ಎಲ್ಲಿರ್ತೈತಿ?”

ಈ ಮಾತು ನನಗೆ ನಾಟಿತು. ಕಟ್ಟಿಗೆ ಕಡಿಯುವುದು ಬೇಸಿಗೆಯ ಮೊದಲು, ರಸ ಇಳಿದು ಗಿಡ ಬೋಳಾದ ಕಾಲದಲ್ಲಿ. ಪಠ್ಯಪುಸ್ತಕದ ಗುರುತೆಲ್ಲ ಎಲೆ ಹೂವಿನದು, ಮಳೆಗಾಲದ್ದು. ಬಡಿಗನಿಗೆ ಬೇಕಾದ ಗುರುತು ಬೇರೆ.

ಅವರು ಒಂದೊಂದಾಗಿ ಹೇಳಿದರು. ಮೊದಲನೆಯದು ಗಿಡದ ಮೇಲೆ ಉಳಿದದ್ದು. ಬೆಂಡೆ ಬೋಳಾದರೂ ಅದರ ಒಣಗಿದ ಸಣ್ಣ ಕಾಯಿಗಳು ರೆಂಬೆಯ ತುದಿಯಲ್ಲಿ ಗೊಂಚಲಾಗಿ ನಿಂತಿರುತ್ತವೆ. ಪ್ರತಿ ಕಾಯಿಯ ಕೆಳಗೆ ನಾಲ್ಕೈದು ಒಣ ಎಸಳು ರೆಕ್ಕೆಯಂತೆ ಹರಡಿರುತ್ತವೆ. ತಡಸಲಿನ ಹಣ್ಣು ಬಟಾಣಿಯಷ್ಟು, ಕಪ್ಪು, ತಿರುಳಿನದು; ಹಕ್ಕಿಗಳು ಬಿಡುವುದಿಲ್ಲ, ಬೇಸಿಗೆಗೆ ಏನೂ ಉಳಿಯುವುದಿಲ್ಲ. ಕೇಳುತ್ತಿದ್ದಂತೆ ನನಗೆ ಆ ಹೊಲದಂಚು ನೆನಪಾಯಿತು. ಒಣ ಗೊಂಚಲು ನನ್ನ ತಲೆಯ ಮೇಲೆಯೇ ಗಾಳಿಗೆ ಸದ್ದು ಮಾಡುತ್ತಿತ್ತು. ನಾನು ಕತ್ತೆತ್ತಿರಲಿಲ್ಲ.

ಎರಡನೆಯದು ತೂಕ. ಒಣಗಿದ ಬೆಂಡೆ ಹಗುರ. ಶಾಲೆಗೆ ಮರಳಿದ ಮೇಲೆ ಇದನ್ನು ಮಕ್ಕಳೊಂದಿಗೆ ಪರೀಕ್ಷಿಸಿದೆ. ಅಜ್ಜ ಕೊಟ್ಟಿದ್ದ ಹಳೆಯ ತಡಸಲಿನ ತುಂಡನ್ನೂ ನನ್ನ ಬೆಂಡೆಯ ತುಂಡನ್ನೂ ಬಕೆಟ್ಟಿನ ನೀರಿನಲ್ಲಿ ಬಿಟ್ಟೆವು. ತಡಸಲು ಸುಮಾರು ಮುಕ್ಕಾಲು ಭಾಗ ಮುಳುಗಿ ತೇಲಿತು, ಬೆಂಡೆ ಅರ್ಧದ ಆಸುಪಾಸು. ತೇಲುವ ವಸ್ತುವಿನ ಎಷ್ಟು ಭಾಗ ನೀರಿನೊಳಗಿದೆಯೋ ಅಷ್ಟೇ ಅದರ ಸಾಪೇಕ್ಷ ಸಾಂದ್ರತೆ ಎಂದು ಆರ್ಕಿಮಿಡೀಸನ ಪಾಠದಲ್ಲಿ ಹೇಳುತ್ತಲೇ ಬಂದಿದ್ದೆ. ಕಟ್ಟಿಗೆ ಗುರುತಿಸಲು ಅದು ಉಪಯೋಗಕ್ಕೆ ಬರುತ್ತದೆಂದು ಹೊಳೆದಿರಲಿಲ್ಲ.

ಮೂರನೆಯದು ಮುರಿಯುವ ರೀತಿ. ಕಿರುಬೆರಳಿನಷ್ಟು ದಪ್ಪದ ಒಣ ಕಡ್ಡಿಯನ್ನು ನಿಧಾನವಾಗಿ ಬಗ್ಗಿಸಬೇಕು. ಬೆಂಡೆ ಮೂಲಂಗಿಯಂತೆ ತಟ್ಟನೆ ಅಡ್ಡ ಮುರಿಯುತ್ತದೆ. ತಡಸಲು ಮೊದಲು ಕರಕರ ಎನ್ನುತ್ತದೆ, ಆಮೇಲೆ ಉದ್ದಕ್ಕೆ ಸಿಬಿರೆದ್ದು ಸೀಳುತ್ತದೆ, ಆದರೂ ಎರಡು ತುಂಡಾಗಲು ಒಪ್ಪುವುದಿಲ್ಲ. “ಒಳ್ಳೆ ಕಟಗಿ ಮುರಿಯೋ ಮೊದಲ ಹೇಳ್ತೈತಿ, ಕೆಟ್ಟದ್ದು ಮುರದ ಮ್ಯಾಲೆ ಹೇಳ್ತೈತಿ” ಎಂದರು ಅಜ್ಜ.

ಬಿಲ್ಲು ಬಾಗಿದಾಗ ಹೊರಮೈ ಎಳೆತಕ್ಕೆ ಸಿಗುತ್ತದೆ, ಒಳಮೈ ಒತ್ತಡಕ್ಕೆ ಸಿಗುತ್ತದೆ. ಹೊರಮೈಯ ಎಳೆಗಳು ತುದಿಯಿಂದ ತುದಿಗೆ ಕಡಿಯದೆ ಸಾಗಿದ್ದರೆ ಮಾತ್ರ ಅದು ತಡೆಯುತ್ತದೆ. ಆದ್ದರಿಂದ ಬಿಲ್ಲಿನ ಕೋಲನ್ನು ಗರಗಸದಿಂದ ಕೊಯ್ಯಬಾರದು, ಎಳೆಯ ದಾರಿಯಲ್ಲೇ ಸೀಳಬೇಕು. ಗಂಟಿರುವ ಜಾಗ ಬಿಡಬೇಕು. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಹೊರಗೆ ಬಿರುಕು, ಒಳಗೆ ಹಸಿ. ನಾನು ಈ ಎಲ್ಲದರಲ್ಲೂ ತಪ್ಪಿದ್ದೆ. ಆದರೆ ಇವನ್ನೆಲ್ಲ ಸರಿಯಾಗಿ ಮಾಡಿದ್ದರೂ ಬೆಂಡೆ ಬೆಂಡೆಯೇ.

“ಒಂದು ಗುರ್ತ ನಂಬಬ್ಯಾಡ್ರಿ. ಮೂರು ಸಾಕ್ಷಿ ಕೂಡಬೇಕು. ಎರಡು ಕೂಡಿ ಒಂದು ಕೂಡಲಿಲ್ಲಂದ್ರ ಕೊಡಲಿ ಕೆಳಗಿಡ್ರಿ” ಎಂದು ಅವರು ಹೇಳಿದ ಮಾತನ್ನು ಅಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಮುಳ್ಳು ಎಲ್ಲಿ ಹುಟ್ಟಿದೆ?

ಪಾಠ ಅಷ್ಟಕ್ಕೆ ಮುಗಿಯಲಿಲ್ಲ. ಮುಂದಿನ ಭಾನುವಾರ ಬರಹೇಳಿದರು. ಹೋದಾಗ ಎಲೆ ಸವರಿದ ನಾಲ್ಕು ರೆಂಬೆ ಮುಂದಿಟ್ಟರು. ನಾಲ್ಕೂ ಅವರ ಊರಿನ ಬದುವಿನವು, ನಾಲ್ಕಕ್ಕೂ ಮುಳ್ಳು. “ಕಾಡಿನ ಗಿಡ ಆಮ್ಯಾಲೆ. ಮೊದಲ ಮನಿ ಮುಂದಿನವು ಹೇಳ್ರಿ.” ಎರಡು ಹೇಳಿದೆ, ಎರಡು ತಪ್ಪಿದೆ.

ಓದುಗರು ಈ ಸೀಮೆಯಲ್ಲಿ ಓಡಾಡುವಾಗ ತಾವೇ ನೋಡಬಹುದು. ಕರಿಜಾಲಿಯ ತೊಗಟೆ ಕಪ್ಪು, ಉದ್ದುದ್ದ ಬಿರಿದಿರುತ್ತದೆ. ಮುಳ್ಳು ಬಿಳಿ, ನೇರ, ಎಲೆ ಹುಟ್ಟುವ ಗಿಣ್ಣಿನಲ್ಲಿ ಜೋಡಿಯಾಗಿರುತ್ತದೆ. ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಸರದಂತೆ. ಕುಂಟೆ, ರಂಟೆ, ಗಾಲಿಗೆ ಈ ಸೀಮೆಯ ರೈತ ನೆಚ್ಚಿದ್ದು ಇದನ್ನೇ. ಬಿಳಿಜಾಲಿಯ ಮುಳ್ಳೂ ಜೋಡಿ, ಆದರೆ ತೊಗಟೆ ಮಾಸಲು ಬಿಳಿ, ಮಳೆಗಾಲದಲ್ಲಿ ಕೆನೆಬಣ್ಣದ ಹೂ ದೊಡ್ಡ ಗೊಂಚಲಾಗಿ ಬರುತ್ತದೆ, ಕಾಯಿ ಚಪ್ಪಟೆಯಾಗಿ ಡೊಂಕು. ಈ ಎರಡನ್ನು ನಾನು ಹೇಳಿದ್ದೆ.

ತಪ್ಪಿದ್ದು ಬಳ್ಳಾರಿ ಜಾಲಿ ಮತ್ತು ಬನ್ನಿ. ಇವೆರಡೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿದ್ದವು. ಎರಡಕ್ಕೂ ಹೂವು ಬೆರಳುದ್ದದ ತೆನೆ. ಒಂದು ನಮ್ಮ ದಸರೆಯ ಪೂಜೆಯ ಮರ. ಇನ್ನೊಂದು 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು ನಮ್ಮ ಹಳ್ಳ, ಕೆರೆಯಂಗಳ ನುಂಗಿದ ಮರ. ಅಜ್ಜ ಎರಡೂ ರೆಂಬೆಯನ್ನು ಪಕ್ಕಪಕ್ಕ ಹಿಡಿದು ಹೇಳಿದ್ದು ಒಂದೇ ಮಾತು: “ಮುಳ್ಳು ಎಷ್ಟೈತಿ ನೋಡಬ್ಯಾಡ್ರಿ, ಎಲ್ಲಿ ಹುಟ್ಟೈತಿ ನೋಡ್ರಿ.” ಬಳ್ಳಾರಿ ಜಾಲಿಯ ಮುಳ್ಳು ಗಿಣ್ಣಿನಲ್ಲೇ ಹುಟ್ಟುತ್ತದೆ, ರೆಂಬೆ ಗಿಣ್ಣಿನಿಂದ ಗಿಣ್ಣಿಗೆ ಅಂಕುಡೊಂಕಾಗಿ ಸಾಗುತ್ತದೆ. ಬನ್ನಿಯ ಮುಳ್ಳು ಸಣ್ಣದು, ಬುಡ ಅಗಲ, ಗಿಣ್ಣು ಬಿಟ್ಟು ನಡುನಡುವೆ ಎಲ್ಲೆಂದರಲ್ಲಿ ಒಂಟಿಯಾಗಿ ಹುಟ್ಟುತ್ತದೆ.

ಬನ್ನಿಯ ಕಥೆ ಇನ್ನೂ ಸ್ವಲ್ಪ ಇದೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುನ್ನ ತಮ್ಮ ಬಿಲ್ಲುಗಳನ್ನು ಕಟ್ಟಿಟ್ಟದ್ದು ಶಮೀವೃಕ್ಷದಲ್ಲಿ. ಉತ್ತರಕುಮಾರ ಮರ ಹತ್ತಿ ಗಂಟು ಬಿಚ್ಚಿ, ಒಂದೊಂದು ಬಿಲ್ಲನ್ನೂ ನೋಡಿ ಇದು ಯಾರದ್ದು, ಅದು ಯಾರದ್ದು ಎಂದು ಕೇಳುತ್ತಾನೆ; ಬೃಹನ್ನಳೆಯ ವೇಷದ ಅರ್ಜುನ ಗುರುತು ಹೇಳುತ್ತಾನೆ. ಅರ್ಜುನನನ್ನು ನಾಯಕನನ್ನಾಗಿ ಮಾಡಿ ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ, ತನ್ನ ಕನ್ನಡ ಪುಲಿಗೆರೆಯದು ಎಂದು ಹೆಮ್ಮೆಪಟ್ಟ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಇಷ್ಟಾದರೂ ಆ ಬಿಲ್ಲಿನ ಮರ ಯಾವುದು ಎಂಬುದರಲ್ಲಿ ನಮ್ಮಲ್ಲಿ ಗೊಂದಲ ತಪ್ಪಿಲ್ಲ. ಕರ್ನಾಟಕದಲ್ಲಿ ಅಕೇಶಿಯ ಫೆರುಜೀನಿಯ ಎಂಬ ಇನ್ನೊಂದು ಮುಳ್ಳಿನ ಮರಕ್ಕೂ ಬನ್ನಿ ಎಂದೇ ಹೆಸರು. ಕಾಯಿ ನೋಡಿದರೆ ತಿಳಿಯುತ್ತದೆ: ಶಮಿಯ ಕಾಯಿ ಪೆನ್ಸಿಲ್ಲಿಗಿಂತ ತೆಳ್ಳಗೆ, ಉದ್ದಕ್ಕೆ ಜೋತುಬೀಳುತ್ತದೆ, ಇನ್ನೊಂದರದು ಅಗಲವಾದ ಚಪ್ಪಟೆ ಕಂದು ಕಾಯಿ. ಮಹಾರಾಷ್ಟ್ರದ ಕಡೆ ದಸರೆಗೆ ‘ಬಂಗಾರ’ವೆಂದು ಕೊಡುವ ಜೋಡಿಹಾಲೆಯ ಎಲೆ ಬೇರೆಯೇ ಜಾತಿ, ಮಂದಾರದ ಬಂಧು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನಲು ಯಾವ ಎಲೆಯಾದರೂ ನಡೆದೀತು. ಕಟ್ಟಿಗೆಯ ವಿಷಯದಲ್ಲಿ ಅದು ನಡೆಯುವುದಿಲ್ಲ.

ಪಂಡಿತರ ಹೆಸರುಗಳೂ ಸ್ಥಿರವಲ್ಲ. 2005ರಲ್ಲಿ ವಿಯೆನ್ನಾದಲ್ಲಿ ನಡೆದ, 2011ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಸಸ್ಯಶಾಸ್ತ್ರ ಸಮ್ಮೇಳನಗಳ ನಂತರ ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯದ ಮರಗಳ ಪಾಲಾಯಿತು. ನಮ್ಮ ಕರಿಜಾಲಿ ವಾಚೆಲಿಯ ಆಯಿತು. ಬಳ್ಳಾರಿ ಜಾಲಿಗೂ ಈಚೆಗೆ ಹೊಸ ಕುಲನಾಮ ಬಂದಿದೆ. ನಾನು ಕಪ್ಪುಹಲಗೆಯ ಮೇಲೆ ಹೆಸರು ಅಳಿಸಿ ಬರೆಯುತ್ತಲೇ ಇದ್ದೇನೆ. ಮುಳ್ಳು ಮಾತ್ರ ಹುಟ್ಟಿದ ಜಾಗದಲ್ಲೇ ಹುಟ್ಟುತ್ತಿದೆ.

ಈಗಿನ ಅಡರಕಟ್ಟಿ

ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಬೇವಿನ ನೆರಳು ಹಾಗೇ ಇದೆ, ಕೆಳಗೆ ಕಟ್ಟಿಗೆಯ ರಾಶಿ ಇಲ್ಲ. ಮೊಮ್ಮಗ, ನನ್ನ ಏಕಲವ್ಯ, ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಕೂರಿಗೆ ಈಗ ಕಬ್ಬಿಣದ್ದು, ಟ್ರ್ಯಾಕ್ಟರಿಗೆ ಕಟ್ಟುವಂಥದ್ದು. ಎತ್ತು ಇರುವ ಮನೆಗಳು ಕಡಿಮೆಯಾದ ಮೇಲೆ ನೊಗಕ್ಕೆ ಯಾವ ಮರ, ಗಾಲಿಗೆ ಯಾವ ಮರ ಎಂದು ಕೇಳುವವರೂ ಕಡಿಮೆ. ಕಬ್ಬಿಣ ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ರೈತನ ಬೆನ್ನಿಗೆ ಅದರಿಂದ ಆದ ಸುಖ ದೊಡ್ಡದು. ಆದರೆ ಕೇಳುವವರಿಲ್ಲದ ಮೇಲೆ ಕರಿಜಾಲಿಯನ್ನು ಬದುವಿನಲ್ಲಿ ಉಳಿಸುವ ಕಾರಣವೂ ಉಳಿಯುವುದಿಲ್ಲ. ಆ ಜಾಗಕ್ಕೆ ಬಳ್ಳಾರಿ ಜಾಲಿ ಕರೆಯದೆ ಬರುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಜಾಲಿಯೇ, ಎರಡೂ ಹಸಿರೇ.

ಶಿರಹಟ್ಟಿಯ ಆಚೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 244 ಚದರ ಕಿಲೋಮೀಟರ್. ಅಲ್ಲಿ ತಡಸಲಿನ ಕುಲದ ಪೊದೆ ಗಿಡಗಳುಂಟು. ಧಾಮದೊಳಗೆ ಒಂದು ರೆಂಬೆಯನ್ನೂ ಕಡಿಯುವಂತಿಲ್ಲ, ಕಡಿಯಲೂಬಾರದು. ಗುಡ್ಡದ ಗಿಡ ಕಾಯಲು ಕಾನೂನಿದೆ. ಬದುವಿನ ಗಿಡ ಕಾಯಬೇಕಾದದ್ದು ಅದರ ಹೆಸರು ಬಲ್ಲವರು. ನಾನಂತೂ ಪ್ರತಿ ವರ್ಷ ಫೆಬ್ರುವರಿಯಲ್ಲಿ ಎಲೆ ಸವರಿದ ನಾಲ್ಕು ಮುಳ್ಳಿನ ರೆಂಬೆಗಳನ್ನು ತರಗತಿಯ ಮೇಜಿನ ಮೇಲಿಡುತ್ತೇನೆ. ಹಳ್ಳಿಯ ಮಕ್ಕಳೂ ಮೊದಲ ದಿನ ತಪ್ಪುತ್ತಾರೆ. ವಾರದೊಳಗೆ ತಾವೇ ಐದನೆಯ ರೆಂಬೆ ತಂದು ನನ್ನನ್ನು ಪರೀಕ್ಷಿಸುತ್ತಾರೆ.

ಅಂದು ಚಹಾ ಕುಡಿದ ಮೇಲೆ ಶಿಷ್ಯನೂ ಅದನ್ನೇ ಮಾಡಿದ. ಅಂಗಡಿಯ ಹಿಂದಿನ ಅಟ್ಟದಿಂದ, ಅಜ್ಜ ಇಟ್ಟಿದ್ದ ಕೊನೆಯ ಕೋಲುಗಳಲ್ಲಿ ಒಂದನ್ನು ತೆಗೆದು ಕೈಗೆ ಕೊಟ್ಟ. “ಸರ್, ಇದು ಯಾವ್ದು ಹೇಳ್ರಿ.” ಧೂಳೊರೆಸಿ ತೂಗಿ ನೋಡಿದೆ, ಭಾರವಿತ್ತು. ತುದಿ ಸೀಳಿದೆ, ಎಳೆ ಉದ್ದಕ್ಕೆ ಎದ್ದಿತು. ತಡಸಲು ಎನ್ನಲು ಬಾಯಿ ತೆರೆದೆ. ಆದರೆ ತೊಗಟೆಯ ಒಂದು ಚೂರೂ ಉಳಿದಿರಲಿಲ್ಲ, ನಾರು ನೋಡುವಂತಿರಲಿಲ್ಲ. ಎರಡೇ ಸಾಕ್ಷಿ.

“ಖಾತ್ರಿ ಆಗವಲ್ದಪ್ಪಾ” ಎಂದೆ.

ಅವನು ನಕ್ಕ. ನಕ್ಕಾಗ ಹುಬ್ಬಿನ ಮೇಲಿನ ಗಾಯದ ಗೆರೆ ಮೇಲೆದ್ದು ಕಾಣಿಸಿತು. “ಅಜ್ಜ ಇದ್ದಿದ್ರ ಇವತ್ತ ನಿಮ್ಮನ್ನ ಪಾಸ್ ಮಾಡ್ತಿದ್ದ ಬಿಡ್ರಿ ಸರ್” ಎಂದ.